ಟರ್ಬೊ ಇಲ್ಲದ ಎಂಜಿನ್‌ಗೆ ಟರ್ಬೊ ಕೂರಿಸಿದ ಮೇಲೆ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಟರ್ಬೊ ಇಲ್ಲದೆ ತಯಾರಾದ ಎಂಜಿನ್ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಅದರ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಇರುವುದು ನಿರ್ವಾತ, ಹೆಚ್ಚೆಂದರೆ ಹೊರಗಿನ ಗಾಳಿಯಷ್ಟೇ ಒತ್ತಡ. ಹೋಸು, ವಾಲ್ವು, ಸೆನ್ಸರು ಎಲ್ಲವನ್ನೂ ಆ ಲೆಕ್ಕಕ್ಕೇ ಮಾಡಿರುತ್ತಾರೆ. ಟರ್ಬೊ ಎಂದರೆ ಎಕ್ಸಾಸ್ಟ್ ಅನಿಲದಿಂದ ಟರ್ಬೈನ್ ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರದಿಂದ ಗಾಳಿಯನ್ನು ಎಂಜಿನ್ನಿನೊಳಗೆ ಒತ್ತುವ ಸಾಧನ. ಅದು ಬಂದ ದಿನದಿಂದ ಅದೇ ಜಾಗದಲ್ಲಿ ಗಾಳಿ ಹೊರಕ್ಕೆ ಒತ್ತತೊಡಗುತ್ತದೆ. ಪರಿವರ್ತನೆಯ ನಂತರ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಬದಲಾವಣೆಯಿಂದ. ಟರ್ಬೊ ತಾನೇ ಕೆಟ್ಟಿರುವುದು ಕಡಿಮೆ. ಹಾಗಾಗಿ ಟರ್ಬೊ ಬಿಚ್ಚುವುದು ಕೊನೆಯ ಕೆಲಸ. ಕ್ಲ್ಯಾಂಪ್, ಹೋಸ್, ಏಕಮುಖ ವಾಲ್ವ್, ಸೆನ್ಸರ್ ನೋಡುವುದು ಮೊದಲ ಕೆಲಸ.

ಇಲ್ಲಿರುವ ಅಂಕಿಗಳು ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್‌ಗೆ, ಒಳಗಿನ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಬದಲಿಸದೆ 0.35ರಿಂದ 0.5 ಬಾರ್, ಅಂದರೆ 5ರಿಂದ 7 ಪಿಎಸ್‌ಐ ಬೂಸ್ಟ್ (ಹೊರಗಿನ ಗಾಳಿಗಿಂತ ಮೇಲೆ ಟರ್ಬೊ ಕೊಡುವ ಒತ್ತಡ) ಕೊಟ್ಟಿರುವ ಗಾಡಿಗೆ ಅನ್ವಯಿಸುತ್ತವೆ.

ಕೈಯಲ್ಲಿ ಇರಲೇಬೇಕಾದ ಉಪಕರಣ ಮೂರು: ಮ್ಯಾನಿಫೋಲ್ಡ್‌ಗೆ ಜೋಡಿಸಿದ ಬೂಸ್ಟ್ ಗೇಜ್, ಗಾಳಿ-ಇಂಧನ ಅನುಪಾತವನ್ನು ಅಗಲ ವ್ಯಾಪ್ತಿಯಲ್ಲಿ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅಂಕಿಗಳನ್ನು ಓದಿ ದಾಖಲಿಸುವ ಸ್ಕ್ಯಾನರ್ ಅಥವಾ ಲ್ಯಾಪ್‌ಟಾಪ್. ಕಂಪನಿ ಹಾಕಿರುವ ನ್ಯಾರೋಬ್ಯಾಂಡ್ ಸೆನ್ಸರ್ ಆ ಅನುಪಾತ (ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ) 14.7:1ರ ಆಚೆ ಈಚೆ ಎಂಬುದನ್ನಷ್ಟೇ ಹೇಳುತ್ತದೆ. ಬೂಸ್ಟ್‌ನಲ್ಲಿ ಬೇಕಾದ 11.5–12:1ರ ಸುತ್ತ ಅದು ಕುರುಡು. ವೈಡ್‌ಬ್ಯಾಂಡ್ ಇಲ್ಲದೆ ಬೂಸ್ಟ್‌ನಲ್ಲಿ ಓಡಿಸಿ ದೋಷ ಹುಡುಕಲು ಹೋಗಬೇಡಿ.

ಈ ಲಕ್ಷಣ ಕಂಡ ಕೂಡಲೇ ಆಕ್ಸಿಲರೇಟರ್ ಬಿಡಿ

ಕೆಲವು ದೋಷಗಳನ್ನು ಇನ್ನೊಮ್ಮೆ ಓಡಿಸಿ ನೋಡಬಹುದು. ಕೆಳಗಿನವನ್ನು ಹಾಗೆ ಪರೀಕ್ಷಿಸಲು ಹೊರಟರೆ ಆ ಒಂದು ಓಟದಲ್ಲೇ ಪಿಸ್ಟನ್ ಹೋಗಬಹುದು.

– ಬೂಸ್ಟ್ ಏರುವಾಗ ಬೋನೆಟ್ ಒಳಗಿಂದ ಲೋಹದ ಚಟಚಟ ಸದ್ದು.
– ಬೂಸ್ಟ್‌ನಲ್ಲಿ ಗಾಳಿ-ಇಂಧನ ಅನುಪಾತ 12.5 ದಾಟಿ 13ರ ಕಡೆ ಹೋಗುವುದು.
– ಬೂಸ್ಟ್ ಗೇಜ್ ಗುರಿಗಿಂತ 0.15 ಬಾರ್ ಮೇಲೆ ಹೋಗಿ ನಿಲ್ಲದೆ ಏರುತ್ತಿರುವುದು.
– ಆಯಿಲ್ ಪ್ರೆಷರ್ ದೀಪ ಹತ್ತುವುದು. ಇದರಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಲದು, ಎಂಜಿನ್ ಆಫ್ ಮಾಡಬೇಕು.
– ಬಿಸಿ ಆಯಿಲ್ ಅಥವಾ ಪೆಟ್ರೋಲ್ ವಾಸನೆ, ಬೋನೆಟ್ ಸಂದಿಯಿಂದ ಹೊಗೆ.
– ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುವುದು.

ಟರ್ಬೈನ್ ಹೌಸಿಂಗ್ ಮತ್ತು ಅದರಿಂದ ಇಳಿಯುವ ಡೌನ್‌ಪೈಪ್ ಆಯಿಲ್‌ಗೆ ಬೆಂಕಿ ಹತ್ತಿಸುವಷ್ಟು ಕಾಯುತ್ತವೆ. ಪುಡಿ ತುಂಬಿದ ಅಗ್ನಿಶಾಮಕವನ್ನು ಡಿಕ್ಕಿಯಲ್ಲಿಡದೆ ಸೀಟಿನ ಬಳಿ ಕೈಗೆಟುಕುವಂತೆ ಇಡಿ. ಎಂಜಿನ್ ಓಡುತ್ತಿರುವಾಗ ತೆರೆದ ಕಂಪ್ರೆಸರ್ ಬಾಯಿಯ ಹತ್ತಿರ ಬೆರಳು, ಬಟ್ಟೆ, ಸಡಿಲ ತೋಳು ಒಯ್ಯಬೇಡಿ.

ಲಕ್ಷಣ: ಬೂಸ್ಟ್ ಬರುತ್ತಿಲ್ಲ, ಅಥವಾ ಬಂದರೂ ಕಡಿಮೆ

ಮೊದಲು ಗೇಜನ್ನೇ ಅನುಮಾನಿಸಿ. ಅದರ ಹೋಸ್ ಥ್ರಾಟಲ್‌ನ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿ ಬಾಗಿಲು) ನಂತರ, ಮ್ಯಾನಿಫೋಲ್ಡ್‌ನಿಂದಲೇ ಬರಬೇಕು. ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 0.6–0.7 ಬಾರ್ ನಿರ್ವಾತ ತೋರಿಸಿದರೆ ಗೇಜ್ ಸರಿಯಿದೆ ಎನ್ನಬಹುದು. ಸಮುದ್ರ ಮಟ್ಟದಿಂದ ಎತ್ತರದಲ್ಲಿರುವ ಕಡೆ ಈ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ, ಅದು ದೋಷವಲ್ಲ.

ಆಮೇಲೆ ಕೈಯಿಂದ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಥ್ರಾಟಲ್‌ಗೆ ಹೋಗುವ ಪ್ರತಿ ಸಿಲಿಕಾನ್ ಜೋಡಣೆಯನ್ನೂ ಹಿಡಿದು ತಿರುಗಿಸಿ ನೋಡಿ. ತಿರುಗಿದರೆ ಸಡಿಲವಿದೆ. ಪೈಪಿನ ತುದಿಯಲ್ಲಿ ಉಬ್ಬಿದ ಅಂಚು ಇಲ್ಲದಿದ್ದರೆ ಎಷ್ಟು ಬಿಗಿದರೂ ಬೂಸ್ಟ್‌ಗೆ ಜಾರುತ್ತದೆ. ಆಯಿಲ್ ಪಸೆ ಇದ್ದರಂತೂ ಖಂಡಿತ. ಬಿಚ್ಚಿ, ಸಾಲ್ವೆಂಟ್‌ನಿಂದ ಒರೆಸಿ, ಪೂರ್ತಿ ಒಣಗಿಸಿ ಮತ್ತೆ ಹಾಕಿ. ಸಾಧಾರಣ ಸ್ಕ್ರೂ ಕ್ಲ್ಯಾಂಪ್ ಇರುವ ಕಡೆ ಟಿ-ಬೋಲ್ಟ್ ಕ್ಲ್ಯಾಂಪ್ ಹಾಕುವುದು ಒಳ್ಳೆಯದು.

ಕಣ್ಣಿಗೆ ಏನೂ ಸಿಗದಿದ್ದರೆ ಒತ್ತಡ ಪರೀಕ್ಷೆ ಮಾಡಬೇಕು. ಇದನ್ನು ಸರಿಯಾಗಿ ಕಲಿತವರಿಗೆ ಅರ್ಧ ದೋಷಗಳು ಇಲ್ಲೇ ಸಿಗುತ್ತವೆ. ಎಂಜಿನ್ ಆಫ್ ಇರಲಿ, ತಣ್ಣಗಿರಲಿ. ಏರ್ ಫಿಲ್ಟರ್ ಬಿಚ್ಚಿ ಕಂಪ್ರೆಸರ್ ಬಾಯಿಗೆ ಟೈರ್ ವಾಲ್ವ್ ಕೂರಿಸಿದ ಮುಚ್ಚಳವನ್ನು ಕ್ಲ್ಯಾಂಪ್‌ನಿಂದ ಬಿಗಿಯಿರಿ. ಏರ್ ಲೈನ್‌ನ ರೆಗ್ಯುಲೇಟರನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ನೀವು ಓಡಿಸುವ ಬೂಸ್ಟ್‌ಗಿಂತ ಸ್ವಲ್ಪ ಮೇಲೆ, ಅಂದರೆ 0.6–0.7 ಬಾರ್ ಸಾಕು. ಮುಚ್ಚಳ ಗುಂಡಿನಂತೆ ಹಾರಬಹುದು, ಅದರ ನೇರಕ್ಕೆ ನಿಲ್ಲಬೇಡಿ. ಸೋಪಿನ ನೀರು ಸಿಂಪಡಿಸುತ್ತಾ ಜೋಡಣೆಗಳು, ಇಂಟರ್‌ಕೂಲರ್ ಬೆಸುಗೆಗಳು, ಥ್ರಾಟಲ್ ಮುಚ್ಚಿದಾಗ ಉಳಿದ ಒತ್ತಡ ಬಿಡುವ ಬ್ಲೋ-ಆಫ್ ವಾಲ್ವ್, ಥ್ರಾಟಲ್ ಶಾಫ್ಟಿನ ತುದಿ, ಇಂಜೆಕ್ಟರ್ ರಿಂಗು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಗುಳ್ಳೆ ಎದ್ದ ಕಡೆ ಸೋರಿಕೆ. ಥ್ರಾಟಲ್‌ನ ಆಚೆಗೂ ಒತ್ತಡ ತಲುಪಬೇಕಾದರೆ ಯಾರಾದರೂ ಪೆಡಲ್ ಒತ್ತಿ ಹಿಡಿಯಬೇಕು. ವಾಲ್ವ್ ತೆರೆದಿರುವ ಯಾವುದೋ ಸಿಲಿಂಡರ್ ಮೂಲಕ ಒಂದಿಷ್ಟು ಗಾಳಿ ಹೋಗುವುದು ಸಹಜ. ಆದರೆ ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಅಲ್ಲಿಂದ ಜೋರಾಗಿ ಗಾಳಿ ಬಂದರೆ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ತಳಭಾಗ) ಒಳಗಿನ ಅನಿಲವನ್ನು ಮ್ಯಾನಿಫೋಲ್ಡ್‌ಗೆ ಬಿಡುವ ಪಿಸಿವಿ ವಾಲ್ವ್ ಮೇಲೆ ಕಣ್ಣಿಡಿ. ಅದರ ವಿಷಯ ಮುಂದಿದೆ.

ಸೋರಿಕೆ ಇಲ್ಲ, ಬೂಸ್ಟೂ ಇಲ್ಲ ಎಂದಾದರೆ ವೇಸ್ಟ್‌ಗೇಟ್ ನೋಡಿ, ಬೂಸ್ಟ್ ಮಿತಿಯಲ್ಲಿಡಲು ಎಕ್ಸಾಸ್ಟ್ ಅನಿಲವನ್ನು ಟರ್ಬೈನ್ ತಪ್ಪಿಸಿ ಬಿಡುವ ಬಾಗಿಲು ಅದು. ಎಂಜಿನ್ ನಿಂತಾಗ ಅದರ ಬಾಗಿಲು ಪೂರ್ತಿ ಮುಚ್ಚಿರಬೇಕು. ಬಾಗಿಲು ತೆರೆಯುವ ಆಕ್ಚುಯೇಟರಿನ ರಾಡನ್ನು ತೋಳಿನ ಪಿನ್ನಿಗೆ ಸಿಕ್ಕಿಸಲು 2–3 ಮಿಮೀ ಎಳೆಯಬೇಕಾಗುವಷ್ಟು ಬಿಗುವಿರಲಿ. ಎಳೆಯದೆಯೇ ಸಿಕ್ಕಿಕೊಂಡರೆ ಬಾಗಿಲು ಸ್ವಲ್ಪ ಬೂಸ್ಟ್‌ಗೇ ತೆರೆದುಕೊಳ್ಳುತ್ತದೆ.

ಇನ್ನು ಎಕ್ಸಾಸ್ಟ್ ಕಡೆ. ಮ್ಯಾನಿಫೋಲ್ಡ್‌ಗೂ ಟರ್ಬೊಗೂ ನಡುವೆ ಸೋರಿಕೆಯಿದ್ದರೆ ಟರ್ಬೈನ್ ತಿರುಗಿಸಬೇಕಾದ ಶಕ್ತಿ ಹೊರಗೆ ಹೋಗುತ್ತದೆ. ಬೂಸ್ಟ್ ತಡವಾಗಿ ಬರುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಕಾದ ಮೇಲೆ ಅದು ಕಡಿಮೆಯಾಗುವುದು, ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ: ಇವು ಅದರ ಗುರುತು. ಮ್ಯಾನಿಫೋಲ್ಡ್ ಬಿರುಕನ್ನು ಟಾರ್ಚ್ ಹಿಡಿದು ಬೆಸುಗೆಗಳ ಬುಡದಲ್ಲಿ ಹುಡುಕಿ. ಟರ್ಬೊದ ಭಾರವನ್ನು ಮ್ಯಾನಿಫೋಲ್ಡ್ ಒಂದೇ ಹೊತ್ತಿದ್ದರೆ ಬೆಸುಗೆ ಹಾಕಿದಷ್ಟೂ ಬಿರುಕು ಮರಳುತ್ತದೆ, ಬ್ರಾಕೆಟ್ ಕೊಡಲೇಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರುವ ಅನುಮಾನವಿದ್ದರೆ, ಅದರ ಮೊದಲಿರುವ ಸೆನ್ಸರ್ ತೂತಿಗೆ ಒತ್ತಡದ ಗೇಜ್ ಹಾಕಿ: 2500 ಆರ್‌ಪಿಎಂನಲ್ಲಿ 0.2 ಬಾರ್ ದಾಟಬಾರದು. ಹಿಂದೆ ಮಿಸ್ಸಿಂಗ್ ಹೊಡೆಯುತ್ತಲೇ ಓಡಿದ ಗಾಡಿಗಳಲ್ಲಿ ಇದು ಆಗುತ್ತದೆ, ಸುಡದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಜೇನುಗೂಡನ್ನು ಕರಗಿಸಿರುತ್ತದೆ.

ಲಕ್ಷಣ: ಬೂಸ್ಟ್ ಮಿತಿ ಮೀರುತ್ತಿದೆ

ಒಮ್ಮೆಲೇ ಏರಿ ಕೂಡಲೇ ಇಳಿಯುವುದು ಬೇರೆ. ಆರ್‌ಪಿಎಂ ಜೊತೆ ಮೆಲ್ಲಗೆ ಏರುತ್ತಲೇ ಹೋಗುವುದು ಬೇರೆ. ತಡೆಯೇ ಇಲ್ಲದೆ ನುಗ್ಗುವುದು ಇನ್ನೂ ಬೇರೆ. ದಾಖಲೆ ನೋಡಿ ಯಾವುದೆಂದು ಮೊದಲು ತೀರ್ಮಾನಿಸಿ.

ತಡೆಯಿಲ್ಲದೆ ನುಗ್ಗಿದರೆ ವೇಸ್ಟ್‌ಗೇಟ್ ಆಕ್ಚುಯೇಟರ್‌ಗೆ ಬರುವ ಸಣ್ಣ ಹೋಸ್ ಕಳಚಿರುತ್ತದೆ, ಸೀಳಿರುತ್ತದೆ ಅಥವಾ ಬಿಸಿಗೆ ಕರಗಿರುತ್ತದೆ. ಈ ಒಂದು ಸಣ್ಣ ಹೋಸ್ ಇಡೀ ಎಂಜಿನ್ನಿನ ರಕ್ಷಣೆ. ಅದಕ್ಕೆ ಒಳ್ಳೆಯ ರಬ್ಬರ್ ಮತ್ತು ಎರಡೂ ಕಡೆ ಕ್ಲಿಪ್ ಹಾಕಿ. ಬೂಸ್ಟ್ ಕಂಟ್ರೋಲರ್ ಇದ್ದರೆ ಅದನ್ನು ತೆಗೆದು ಕಂಪ್ರೆಸರ್ ಹೌಸಿಂಗ್‌ನಿಂದ ಆಕ್ಚುಯೇಟರ್‌ಗೆ ನೇರ ಹೋಸ್ ಹಾಕಿ ನೋಡಿ. ಬೂಸ್ಟ್ ಆಕ್ಚುಯೇಟರ್ ಸ್ಪ್ರಿಂಗ್‌ನ ಮಟ್ಟಕ್ಕೆ ಇಳಿದರೆ ದೋಷ ಕಂಟ್ರೋಲರ್‌ನದು. ಹಿಂದುಮುಂದಾಗಿ ಜೋಡಿಸಿರುವುದೂ ಉಂಟು. ಹೋಸ್ ಸರಿಯಿದ್ದರೆ ಆಕ್ಚುಯೇಟರ್‌ಗೆ ಕೈ ಪಂಪಿನಿಂದ ಗಾಳಿ ಕೊಡಿ. 0.35 ಬಾರ್ ಎಂದು ನಮೂದಾದದ್ದು ಆ ಒತ್ತಡದ ಆಸುಪಾಸಿನಲ್ಲಿ ಚಲಿಸತೊಡಗಬೇಕು, ಗಾಳಿ ಇಳಿಯದೆ ಹಿಡಿದಿಡಬೇಕು. ಇಳಿದರೆ ಡಯಾಫ್ರಮ್ ಹರಿದಿದೆ.

ಮೆಲ್ಲಗೆ ಏರುವುದು ಬೂಸ್ಟ್ ಕ್ರೀಪ್. ಇಲ್ಲಿ ವೇಸ್ಟ್‌ಗೇಟ್ ಪೂರ್ತಿ ತೆರೆದಿದ್ದರೂ ಅದರ ಕಂಡಿ ಸಾಲದು. ಸೈಲೆನ್ಸರ್ ದೊಡ್ಡದು ಮಾಡಿದ ಮೇಲೆ ಶುರುವಾಯಿತೆಂದರೆ ಅಚ್ಚರಿಯಿಲ್ಲ. ಹಿಂದಿನ ತಡೆ ಕಡಿಮೆಯಾದಾಗ ಟರ್ಬೈನ್ ಮೂಲಕ ಹೆಚ್ಚು ಅನಿಲ ಹೋಗುತ್ತದೆ. ಸ್ಪ್ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಕಂಡಿಯನ್ನು ಅಗಲಿಸಿ ಉಜ್ಜಿಸಬೇಕು, ಅಥವಾ ಹೊರಗಿನ ವೇಸ್ಟ್‌ಗೇಟ್ ಹಾಕಬೇಕು. ಅಲ್ಲಿಯವರೆಗೆ ಆರ್‌ಪಿಎಂ ಮಿತಿ ತಗ್ಗಿಸಿ ಓಡಿಸಿ.

ಲಕ್ಷಣ: ಬೂಸ್ಟ್‌ನಲ್ಲಿ ಮಿಶ್ರಣ ಬಡವಾಗುತ್ತಿದೆ

ಇಂಧನ ಕಡಿಮೆ, ಗಾಳಿ ಹೆಚ್ಚು: ವೈಡ್‌ಬ್ಯಾಂಡ್ ಅಂಕಿ 12.5ರ ಮೇಲೆ. ಪರಿವರ್ತಿತ ಎಂಜಿನ್ನುಗಳನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ದೋಷ ಇದೇ, ಏಕೆಂದರೆ ಗಾಡಿ ಚೆನ್ನಾಗಿ ಓಡುತ್ತಿರುವಂತೆಯೇ ಭಾಸವಾಗುತ್ತದೆ.

ಒಂದು ಎಚ್ಚರಿಕೆ. ಮಿಸ್ಸಿಂಗ್ ಹೊಡೆಯುವ ಸಿಲಿಂಡರ್ ಸುಡದ ಆಮ್ಲಜನಕವನ್ನು ಹೊರಗೆ ಬಿಡುತ್ತದೆ, ಸೆನ್ಸರ್ ಅದನ್ನು ಬಡ ಮಿಶ್ರಣ ಎಂದೇ ಓದುತ್ತದೆ. ಎಂಜಿನ್ ಜರ್ಕ್ ಹೊಡೆಯುವ ಕ್ಷಣಕ್ಕೇ ಅಂಕಿ ಜಿಗಿದರೆ ಮುಂದಿನ ಭಾಗ ಓದಿ. ನುಣುಪಾಗಿ ಎಳೆಯುತ್ತಿರುವಾಗಲೇ ಅಂಕಿ ಏರಿದರೆ ನಿಜವಾದ ಬಡ ಮಿಶ್ರಣ.

ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ ಮೊದಲ ತನಿಖೆಗೆ ಖರ್ಚಿಲ್ಲ. ಕೀ ಆನ್, ಎಂಜಿನ್ ಆಫ್: ಸಮುದ್ರ ಮಟ್ಟದಲ್ಲಿ ಸ್ಕ್ಯಾನರ್ ಸುಮಾರು 101 ಕಿಲೊಪ್ಯಾಸ್ಕಲ್ ತೋರಿಸಬೇಕು, ಎತ್ತರ 1000 ಮೀಟರ್ ಆದರೆ ಸುಮಾರು 90. ಆಮೇಲೆ ಬೂಸ್ಟ್‌ನ ದಾಖಲೆ ನೋಡಿ. ಗೇಜ್ 0.5 ಬಾರ್ ಎನ್ನುವಾಗ ಸೆನ್ಸರ್ 105ರ ಆಸುಪಾಸಿನಲ್ಲೇ ನಿಂತಿದ್ದರೆ ಅದು ಹಳೆಯ 1 ಬಾರ್ ಸೆನ್ಸರ್. ಅದಕ್ಕೆ ಬೂಸ್ಟ್ ಕಾಣುವುದೇ ಇಲ್ಲ, ಇಸಿಯು ಟರ್ಬೊ ಇಲ್ಲದ ಲೆಕ್ಕಕ್ಕೇ ಪೆಟ್ರೋಲ್ ಹಾಕುತ್ತಿದೆ. 2 ಅಥವಾ 3 ಬಾರ್ ಸೆನ್ಸರ್ ಹಾಕಿ ಇಸಿಯುನಲ್ಲಿ ಅದರ ಅಳತೆಪಟ್ಟಿಯನ್ನೂ ಬದಲಿಸಬೇಕು. ಸೆನ್ಸರ್ ಬದಲಿಸಿ ಅಳತೆಪಟ್ಟಿ ಬಿಟ್ಟರೆ ಮೊದಲಿಗಿಂತ ಕೆಟ್ಟ ಸ್ಥಿತಿ.

ಗಾಳಿ ಹರಿವು ಅಳೆಯುವ ಎಂಎಎಫ್ ಸೆನ್ಸರ್ ಇರುವ ಗಾಡಿಯಲ್ಲಿ ಅದಕ್ಕೂ ಮೇಲ್ಮಿತಿ ಇದೆ. ಆರ್‌ಪಿಎಂ ಏರಿದರೂ ವೋಲ್ಟೇಜ್ 5ರ ಹತ್ತಿರ ಚಪ್ಪಟೆಯಾಗಿ ನಿಂತರೆ ಸೆನ್ಸರ್ ತುಂಬಿಹೋಗಿದೆ ಎಂದರ್ಥ.

ಮುಂದಿನದು ಪೆಟ್ರೋಲ್ ಒತ್ತಡ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೈಲ್‌ಗೆ ಗೇಜ್ ಜೋಡಿಸುವ ಮುನ್ನ ಫ್ಯೂಯೆಲ್ ಪಂಪ್ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ. ಎಂಜಿನ್ ತಣ್ಣಗಿರಬೇಕು, ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು. ರಿಟರ್ನ್ ಲೈನ್ ಇರುವ ಹೆಚ್ಚಿನ ವ್ಯವಸ್ಥೆಗಳಲ್ಲಿ ರೆಗ್ಯುಲೇಟರಿನ ನಿರ್ವಾತ ಹೋಸ್ ಕಳಚಿದಾಗ 3 ಬಾರ್ ಆಸುಪಾಸು ಬರುತ್ತದೆ. ಬೂಸ್ಟ್ ಎಷ್ಟು ಏರುತ್ತದೋ ಅಷ್ಟೇ ಇದೂ ಏರಬೇಕು. 0.5 ಬಾರ್ ಬೂಸ್ಟ್‌ಗೆ 3.5. ಏರದಿದ್ದರೆ ಹೋಸ್ ಥ್ರಾಟಲ್‌ನ ನಂತರ, ಮ್ಯಾನಿಫೋಲ್ಡ್‌ಗೇ ಜೋಡಿಸಿದೆಯೇ ನೋಡಿ. ಏರಿ ಮೇಲಿನ ಆರ್‌ಪಿಎಂನಲ್ಲಿ ಕುಸಿದರೆ ಫಿಲ್ಟರ್, ನಂತರ ವೈರಿಂಗ್, ನಂತರ ಪಂಪ್, ಇದೇ ಕ್ರಮದಲ್ಲಿ. ಬ್ಯಾಟರಿಗೂ ಪಂಪಿನ ತುದಿಗೂ ನಡುವೆ ಲೋಡ್‌ನಲ್ಲಿ 0.5 ವೋಲ್ಟ್‌ಗಿಂತ ಹೆಚ್ಚು ನಷ್ಟವಿದ್ದರೆ ಹೊಸ ಪಂಪ್ ಹಾಕಿದರೂ ಅದೇ ಕಥೆ.

ರಿಟರ್ನ್ ಇಲ್ಲದ ವ್ಯವಸ್ಥೆಯಲ್ಲಿ ಒಳಗೊಂದು ಕೊರತೆ ಅಡಗಿದೆ. ರೈಲ್ ಒತ್ತಡ ಸ್ಥಿರ, 3.5 ಬಾರ್ ಎನ್ನೋಣ. ಇಂಜೆಕ್ಟರ್ ಮೂತಿಯಲ್ಲಿ 0.5 ಬಾರ್ ಬೂಸ್ಟ್ ಎದುರು ಒತ್ತಿದಾಗ ಉಳಿಯುವುದು 3. ಹರಿವು ಸುಮಾರು ಶೇ. 7 ಕಡಿಮೆಯಾಗುತ್ತದೆ, ಅದೂ ಹೆಚ್ಚು ಬೇಕಾದ ಹೊತ್ತಿನಲ್ಲೇ. ಟ್ಯೂನಿಂಗ್‌ನಲ್ಲಿ ಇದಕ್ಕೆ ಲೆಕ್ಕ ಕೊಟ್ಟಿರಬೇಕು.

ಎಲ್ಲವೂ ಸರಿಯಿದ್ದರೂ ಬಡವಾದರೆ ಇಂಜೆಕ್ಟರ್ ಚಿಕ್ಕದು. ದಾಖಲೆಯಲ್ಲಿ ಅದು ತೆರೆದಿರುವ ಪಾಲು ಶೇ. 85 ದಾಟಿದ್ದರೆ ಮಿತಿ ಮುಟ್ಟಿದೆ. ಅಂದಾಜಿಗೆ, 150 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್‌ಗೆ ಶೇ. 80 ಬಳಕೆಯಲ್ಲಿ ಪ್ರತಿ ಇಂಜೆಕ್ಟರ್ ನಿಮಿಷಕ್ಕೆ ಸುಮಾರು 300 ಸಿಸಿ ಹರಿಸಬೇಕು.

ಲಕ್ಷಣ: ಬೂಸ್ಟ್‌ನಲ್ಲಿ ಜರ್ಕ್, ಮಿಸ್ಸಿಂಗ್

ಸಾಧಾರಣವಾಗಿ ಓಡಿಸುವಾಗ ಏನೂ ಇಲ್ಲ, ದೊಡ್ಡ ಗೇರ್‌ನಲ್ಲಿ ಪೂರ್ತಿ ಒತ್ತಿದರೆ ತಡವರಿಸುತ್ತದೆ. ಒತ್ತಡ ಹೆಚ್ಚಿದ ಗಾಳಿಯಲ್ಲಿ ಕಿಡಿ ಜಿಗಿಯಲು ಹೆಚ್ಚು ವೋಲ್ಟೇಜ್ ಬೇಕು. ಮೂಲ ಎಂಜಿನ್ನಿನ 1.0–1.1 ಮಿಮೀ ಪ್ಲಗ್ ಅಂತರ ಇಲ್ಲಿ ದೊಡ್ಡದು. 0.6–0.7 ಮಿಮೀಗೆ ಇಳಿಸಿ ನೋಡಿ. ಬಹಳ ಗಾಡಿಗಳು ಇಷ್ಟಕ್ಕೇ ಸರಿಹೋಗುತ್ತವೆ. ಇರಿಡಿಯಂ ಪ್ಲಗ್‌ನ ತುದಿ ಸೂಕ್ಷ್ಮ, ಅಂತರ ಹೊಂದಿಸುವಾಗ ನಡುವಿನ ಎಲೆಕ್ಟ್ರೋಡ್ ಮೇಲೆ ಬಲ ಹಾಕಬೇಡಿ. ಅಂತರ ಇಳಿಸಿಯೂ ನಿಲ್ಲದಿದ್ದರೆ ಕಾಯಿಲ್ ಕೆಳಗಿನ ರಬ್ಬರ್ ಬೂಟಿನಲ್ಲಿ ಬಿಳಿ ಗೆರೆ ಅಥವಾ ಸುಟ್ಟ ಜಾಡು ಹುಡುಕಿ, ಕಾಯಿಲ್‌ಗಳನ್ನು ಅದಲುಬದಲು ಮಾಡಿ ಮಿಸ್ಸಿಂಗ್ ಕೂಡ ಜಾಗ ಬದಲಿಸುತ್ತದೆಯೇ ನೋಡಿ.

ಬೂಸ್ಟ್ ಒಂದು ನಿರ್ದಿಷ್ಟ ಅಂಕಿ ಮುಟ್ಟಿದ ಕೂಡಲೇ ಗೋಡೆಗೆ ಬಡಿದಂತೆ ಎಂಜಿನ್ ಕತ್ತರಿಸಿದರೆ ಅದು ಮಿಸ್ಸಿಂಗ್ ಅಲ್ಲ, ಇಸಿಯು ರಕ್ಷಣೆಗಾಗಿ ಇಂಧನ ನಿಲ್ಲಿಸುತ್ತಿದೆ. ಅದನ್ನು ವಂಚಿಸುವ ಸಾಧನ ಹಾಕಬೇಡಿ. ಅದು ಯಾಕೆ ಕತ್ತರಿಸಿತು ಎಂದು ಹುಡುಕಿ.

ಲಕ್ಷಣ: ನಾಕಿಂಗ್

ಡಬ್ಬದಲ್ಲಿ ಸಣ್ಣ ಕಲ್ಲು ಅಲುಗಿಸಿದಂತಹ ಸದ್ದು. ಕಿಡಿ ಹತ್ತಿಸಿದ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತಿದೆ. ಟರ್ಬೊ ಇಲ್ಲದ ಎಂಜಿನ್ನಿನ ಕಂಪ್ರೆಷನ್ ಅನುಪಾತ ಸಾಮಾನ್ಯವಾಗಿ 9.5ರಿಂದ 11, ಅದರ ಮೇಲೆ ಬೂಸ್ಟ್ ಹೇರಿದಾಗ ಇದಕ್ಕೆ ಅವಕಾಶ ಹೆಚ್ಚು. ಅನುಪಾತ 10.5ರ ಮೇಲಿದ್ದರೆ 0.5 ಬಾರ್ ಎನ್ನುವುದು ಸಾಧಾರಣ ಪೆಟ್ರೋಲ್‌ಗೆ ಅಪಾಯದ ಅಂಚು, ಅಷ್ಟು ಬೂಸ್ಟ್ ಇಡದಿರುವುದೇ ಲೇಸು.

ಹೆದ್ದಾರಿಯ ಗಾಳಿ ಸದ್ದಿನಲ್ಲಿ ನಾಕಿಂಗ್ ಕೇಳದೇ ಇರಬಹುದು. ಪ್ಲಗ್ ಬಿಚ್ಚಿ ಬಿಳಿ ಪಿಂಗಾಣಿ ನೋಡಿ: ಕಾಳುಮೆಣಸಿನ ಪುಡಿ ಎರಚಿದಂತೆ ಕಪ್ಪು ಚುಕ್ಕೆ ಇದ್ದರೆ ಆರಂಭ. ಹೊಳೆಯುವ ಸಣ್ಣ ಲೋಹದ ಚುಕ್ಕೆ ಇದ್ದರೆ ಪಿಸ್ಟನ್ನಿನ ಅಲ್ಯೂಮಿನಿಯಂ ಕಳಚಿ ಬರುತ್ತಿದೆ. ಅಂಥ ಎಂಜಿನ್ನನ್ನು ಮತ್ತೆ ಬೂಸ್ಟ್‌ಗೆ ಒಯ್ಯಬೇಡಿ, ಕೊನೆಯಲ್ಲಿ ಹೇಳಿರುವ ಕಂಪ್ರೆಷನ್ ಪರೀಕ್ಷೆಗೆ ಹೋಗಿ.

ತನಿಖೆ ಹೀಗೆ ಸಾಗಲಿ. ಪೆಟ್ರೋಲ್ ಯಾವುದು? ಟ್ಯೂನ್ ಮಾಡಿದಾಗ ಹಾಕಿದ್ದ ಆಕ್ಟೇನ್‌ಗಿಂತ ಕಡಿಮೆಯದು ಟ್ಯಾಂಕಿನಲ್ಲಿದ್ದರೆ ಕಾರಣ ಸಿಕ್ಕಿತು. ನಂತರ ಇನ್‌ಟೇಕ್ ಗಾಳಿಯ ಉಷ್ಣತೆ. 30 ಡಿಗ್ರಿ ಗಾಳಿಯನ್ನು 0.5 ಬಾರ್‌ಗೆ ಒತ್ತಿದಾಗ ಅದು ಕಂಪ್ರೆಸರಿನಿಂದ 80 ಡಿಗ್ರಿ ಸುತ್ತಮುತ್ತ ಹೊರಬರುತ್ತದೆ. ಒಳ್ಳೆಯ ಇಂಟರ್‌ಕೂಲರ್ ಅದನ್ನು 45ರ ಆಸುಪಾಸಿಗೆ ತರಬೇಕು. 60 ದಾಟುತ್ತಿದ್ದರೆ ಇಂಟರ್‌ಕೂಲರಿನ ಮುಂದೆ ಗಾಳಿ ಬರಲು ದಾರಿ ಇದೆಯೇ, ರೆಕ್ಕೆಗಳು ಮಣ್ಣಿನಿಂದ ಮುಚ್ಚಿವೆಯೇ ನೋಡಿ. ಮೂಲ ಏರ್‌ಬಾಕ್ಸಿನಲ್ಲಿದ್ದ ಉಷ್ಣತೆಯ ಸೆನ್ಸರ್ ಅಲ್ಲೇ ಉಳಿದಿದ್ದರೆ ಇಸಿಯುಗೆ ಬಿಸಿ ಗಾಳಿಯ ಸುಳಿವೇ ಇರುವುದಿಲ್ಲ. ಅದನ್ನು ಇಂಟರ್‌ಕೂಲರಿನ ನಂತರಕ್ಕೆ ಸರಿಸಿ.

ಪ್ಲಗ್ ಮೂಲ ಶಾಖದ ಅಂಕಿಯದೇ ಆಗಿದ್ದರೆ ಒಂದು ಹಂತ ತಂಪಿನದು ಹಾಕಿ. ಅಂಕಿ ಏರಿದರೆ ತಂಪೋ ಬಿಸಿಯೋ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಅವರ ಪಟ್ಟಿ ನೋಡಿಯೇ ಆರಿಸಿ. ಕೊನೆಗೆ ಇಗ್ನಿಷನ್ ಟೈಮಿಂಗ್: ಆರಂಭದ ಲೆಕ್ಕಕ್ಕೆ ಪ್ರತಿ 1 ಪಿಎಸ್‌ಐ ಬೂಸ್ಟ್‌ಗೆ 1 ಡಿಗ್ರಿ ಹಿಂದಕ್ಕೆ ತಂದು ನೋಡುವುದು ಹಳೆಯ ರೂಢಿ. ಅದು ಆರಂಭ ಮಾತ್ರ, ಟೈಮಿಂಗ್ ನಕ್ಷೆ ಮುಗಿಯಬೇಕಾದದ್ದು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ. ಅತಿಯಾಗಿ ಹಿಂದಕ್ಕೆ ತಂದರೂ ಎಕ್ಸಾಸ್ಟ್ ಕೆಂಪಗೆ ಕಾದು ಟರ್ಬೈನ್ ಹಾಳಾಗುತ್ತದೆ. ಇಲ್ಲಿಂದ ಮುಂದಿನದನ್ನು ಅನುಭವಿ ಟ್ಯೂನರ್‌ಗೆ ಬಿಡುವುದೇ ಸರಿ.

ಲಕ್ಷಣ: ಐಡ್ಲಿಂಗ್ ಓಲಾಡುತ್ತದೆ, ಗೇರ್ ಬದಲಿಸುವಾಗ ಆಫ್ ಆಗುತ್ತದೆ

ಎಂಎಎಫ್ ಸೆನ್ಸರ್ ಇರುವ ಗಾಡಿಯಲ್ಲಿ ಬ್ಲೋ-ಆಫ್ ವಾಲ್ವ್ ಗಾಳಿಯನ್ನು ಹೊರಗೆ ಬಿಡುತ್ತಿದ್ದರೆ ಕಾರಣ ಅದೇ. ಅಳೆದು ಲೆಕ್ಕಕ್ಕೆ ಸೇರಿಸಿದ ಗಾಳಿ ಹೊರಗೆ ಹೋಯಿತು, ಅದಕ್ಕೆ ಹಾಕಿದ ಪೆಟ್ರೋಲ್ ಉಳಿಯಿತು. ಕಪ್ಪು ಹೊಗೆ ಬಿಟ್ಟು ಎಂಜಿನ್ ಮುಳುಗುತ್ತದೆ. ವಾಲ್ವಿನ ಬಾಯನ್ನು ಸೆನ್ಸರಿನ ನಂತರ, ಕಂಪ್ರೆಸರಿನ ಮೊದಲು ಮರಳಿ ಜೋಡಿಸಿ. ಮ್ಯಾಪ್ ಸೆನ್ಸರ್ ಗಾಡಿಗೆ ಇದು ತೊಂದರೆಯಲ್ಲ.

ಸೋರಿಕೆಯ ಜಾಗವನ್ನು ಮಿಶ್ರಣವೇ ಹೇಳುತ್ತದೆ. ಎಂಎಎಫ್ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಬಡ, ಬೂಸ್ಟ್‌ನಲ್ಲಿ ಶ್ರೀಮಂತ (ಪೆಟ್ರೋಲ್ ಹೆಚ್ಚು) ಆದರೆ ಸೋರಿಕೆ ಥ್ರಾಟಲ್‌ನ ನಂತರ. ಐಡ್ಲಿಂಗ್ ಸರಿಯಿದ್ದು ಬೂಸ್ಟ್‌ನಲ್ಲಿ ಮಾತ್ರ ಶ್ರೀಮಂತವಾದರೆ ಕಂಪ್ರೆಸರ್ ಮತ್ತು ಥ್ರಾಟಲ್ ನಡುವೆ. ಎಲ್ಲ ಕಡೆ ಬಡವಾದರೆ ಸೆನ್ಸರ್ ಮತ್ತು ಕಂಪ್ರೆಸರ್ ಬಾಯಿಯ ನಡುವೆ.

ಲಕ್ಷಣ: ನೀಲಿ ಹೊಗೆ, ಆಯಿಲ್ ಕಡಿಮೆಯಾಗುವುದು

ನೀಲಿ ಹೊಗೆ ಕಂಡ ಕೂಡಲೇ ಟರ್ಬೊ ಸೀಲ್ ಹೋಯಿತು ಎಂದು ಹೊಸ ಟರ್ಬೊ ತರುವವರು ಬಹಳ. ಹೊಸದೂ ಅದೇ ಹೊಗೆ ಬಿಡುತ್ತದೆ. ಟರ್ಬೊದ ಸೀಲ್ ರಬ್ಬರ್ ತುಟಿಯದಲ್ಲ, ಪಿಸ್ಟನ್ ರಿಂಗ್‌ನಂಥ ಲೋಹದ ಉಂಗುರ. ಒಳಗೆ ಆಯಿಲ್ ತುಂಬಿ ನಿಂತರೆ ಅದಕ್ಕೆ ತಡೆಯುವ ಶಕ್ತಿಯಿಲ್ಲ. ಆದ್ದರಿಂದ ಆಯಿಲ್ ಇಳಿಯುವ ದಾರಿ ಮುಖ್ಯ.

ಹೊಗೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ನಾಲ್ಕೈದು ನಿಮಿಷ ಐಡ್ಲಿಂಗ್‌ನಲ್ಲಿ ನಿಂತು ಹೊರಡುವಾಗ ಬಂದರೆ ಟರ್ಬೊ ಡ್ರೈನ್. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಸ್ಟೆಮ್ ಸೀಲ್. ಬೂಸ್ಟ್ ಇರುವಷ್ಟು ಹೊತ್ತೂ ಬಂದರೆ ಪಿಸಿವಿ ಅಥವಾ ರಿಂಗ್.

ಡ್ರೈನ್ ಪೈಪಿನ ಒಳವ್ಯಾಸ 16 ಮಿಮೀ ಇರಲಿ, 12.7ಕ್ಕಿಂತ ಕಡಿಮೆ ಬೇಡ. ಟರ್ಬೊದಿಂದ ಉದ್ದಕ್ಕೂ ಇಳಿಜಾರು ಬೇಕು, ಎಲ್ಲೂ ಮೇಲೆದ್ದು ಇಳಿಯುವ ತಿರುವು ಬೇಡ. ಎಂಜಿನ್ ತಳದ ಆಯಿಲ್ ಸಂಪ್‌ಗೆ ಸೇರುವ ಜಾಗ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಟರ್ಬೊದ ಡ್ರೈನ್ ಬಾಯಿ ನೇರ ಕೆಳಮುಖಕ್ಕಿಂತ 35 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಮಧ್ಯದ ಹೌಸಿಂಗ್ ತಿರುಗಿಸಿ ಸರಿಪಡಿಸಿ. ಬಾಲ್ ಬೇರಿಂಗ್ ಟರ್ಬೊ ಆಗಿದ್ದರೆ ಆಯಿಲ್ ಬರುವ ದಾರಿಯಲ್ಲಿ ಸುಮಾರು 1 ಮಿಮೀ ತೂತಿನ ರಿಸ್ಟ್ರಿಕ್ಟರ್ ಇರಬೇಕು. ಸಾಧಾರಣ ಜರ್ನಲ್ ಬೇರಿಂಗ್‌ಗೆ ಇಷ್ಟು ಸಣ್ಣದು ಹಾಕಿದರೆ ಬೇರಿಂಗ್ ಒಣಗಿ ಸಾಯುತ್ತದೆ. ಆಯಿಲ್ ಜೋಡಣೆಗಳಿಗೆ ಟೆಫ್ಲಾನ್ ಟೇಪ್, ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟ್ ಬೇಡವೇ ಬೇಡ. ಅದರ ಚೂರು ಒಳಗೆ ಹೋಗಿ ತೂತು ಮುಚ್ಚುತ್ತದೆ.

ಇವೆಲ್ಲ ಸರಿಯಿದ್ದರೆ ಆಗ ಟರ್ಬೊ. ತಣ್ಣಗಿರುವಾಗ ಕಂಪ್ರೆಸರ್ ನಟ್ ಹಿಡಿದು ಪಕ್ಕಕ್ಕೆ ಅಲುಗಿಸಿ: ಜರ್ನಲ್ ಬೇರಿಂಗ್‌ನಲ್ಲಿ ಸ್ವಲ್ಪ ಆಟ ಸಹಜ. ಹಿಂದುಮುಂದೆ ಎಳೆದಾಗ ಕೈಗೆ ಗೊತ್ತಾಗುವ ಆಟ ಇರಬಾರದು. ಚಕ್ರ ಹೌಸಿಂಗ್‌ಗೆ ತಾಗಿದ ಗೀರು ಇದ್ದರೆ ಟರ್ಬೊ ಮುಗಿಯಿತು. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಹೊಸದನ್ನು ಹಾಕುವ ಮುನ್ನ ಇಂಟರ್‌ಕೂಲರ್ ತೊಳೆದು ಲೋಹದ ಚೂರು ತೆಗೆಯಿರಿ, ಆಯಿಲ್ ಬಾಯಿಗೆ ಆಯಿಲ್ ಹೊಯ್ಯಿರಿ, ಇಂಧನ ಕಡಿದು 10–15 ಸೆಕೆಂಡಿನಂತೆ ಸೆಲ್ಫ್ ಹೊಡೆದು ಪ್ರೆಷರ್ ಬಂದ ಮೇಲೆಯೇ ಸ್ಟಾರ್ಟ್ ಮಾಡಿ.

ಕಪ್ಪು ಹೊಗೆ ಹೆಚ್ಚು ಪೆಟ್ರೋಲ್‌ನದು. ನಿಲ್ಲದ ಬಿಳಿ ಹೊಗೆಗೆ ಸಿಹಿ ವಾಸನೆ ಇದ್ದರೆ ಕೂಲೆಂಟ್ ಸುಡುತ್ತಿದೆ.

ಲಕ್ಷಣ: ಡಿಪ್‌ಸ್ಟಿಕ್ ಹೊರಗೆ ಹಾರುತ್ತದೆ, ಸೀಲ್‌ಗಳಿಂದ ಆಯಿಲ್ ಜಿನುಗುತ್ತದೆ

ಪಿಸಿವಿ ಹೋಸ್ ಮ್ಯಾನಿಫೋಲ್ಡ್‌ಗೂ ಕ್ರ್ಯಾಂಕ್‌ಕೇಸ್‌ಗೂ ಸೇತುವೆ. ಮೂಲ ವಾಲ್ವ್ ಬೂಸ್ಟ್ ತಡೆಯದಿದ್ದರೆ ಟರ್ಬೊದ ಗಾಳಿ ನೇರ ಕ್ರ್ಯಾಂಕ್‌ಕೇಸ್ ಒಳಗೆ ನುಗ್ಗುತ್ತದೆ. ವಾಲ್ವ್ ಬಿಚ್ಚಿ ಮ್ಯಾನಿಫೋಲ್ಡ್ ಕಡೆಯಿಂದ ಊದಿ, ಗಾಳಿ ದಾಟಬಾರದು. ದಾಟಿದರೆ ಬೂಸ್ಟ್ ತಾಳುವ ಏಕಮುಖ ವಾಲ್ವ್ ಹಾಕಿ, ಜೊತೆಗೆ ವಾಲ್ವ್ ಕವರಿನ ಇನ್ನೊಂದು ಬಾಯನ್ನು ಆಯಿಲ್ ಆವಿ ಹಿಡಿಯುವ ಕ್ಯಾಚ್ ಕ್ಯಾನ್ ಮೂಲಕ ಕಂಪ್ರೆಸರ್ ಬಾಯಿಗೆ ಸೇರಿಸಿ, ಬೂಸ್ಟ್‌ನಲ್ಲಿ ಒಳಗಿನ ಅನಿಲಕ್ಕೆ ಹೊರದಾರಿ ಬೇಕು. ಇದನ್ನು ಮಾಡಿದ ಮೇಲೂ ಡಿಪ್‌ಸ್ಟಿಕ್ ಹಾರಿದರೆ ರಿಂಗ್‌ಗಳಿಂದ ಸೋರುತ್ತಿದೆ.

ಇದೇ ಕಾರಣಕ್ಕೆ ಇನ್ನೆರಡು ಹೋಸ್ ನೋಡಬೇಕು. ಪೆಟ್ರೋಲ್ ಆವಿ ಎಳೆಯುವ ಪರ್ಜ್ ಹೋಸ್‌ನಲ್ಲಿ ಏಕಮುಖ ವಾಲ್ವ್ ಇಲ್ಲದಿದ್ದರೆ ಬೂಸ್ಟ್ ಟ್ಯಾಂಕಿಗೆ ಹೋಗುತ್ತದೆ. ಮುಚ್ಚಳ ತೆರೆದಾಗ ಬುಸ್ ಎನ್ನುತ್ತದೆ, ವಾಸನೆ ಬರುತ್ತದೆ. ಬ್ರೇಕ್ ಬೂಸ್ಟರ್ ಹೋಸ್‌ನ ವಾಲ್ವ್ ಸೋರಿದರೆ ಪೆಡಲ್ ಗಟ್ಟಿಯಾಗುತ್ತದೆ. ಪರೀಕ್ಷೆ ಸುಲಭ: ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಪೆಡಲ್ ಒತ್ತಿ, ಮೊದಲ ಒತ್ತು ಮೆತ್ತಗಿರಬೇಕು. ಮೊದಲ ಒತ್ತಿಗೇ ಗಟ್ಟಿಯಿದ್ದರೆ ವಾಲ್ವ್ ಬದಲಿಸುವವರೆಗೆ ಗಾಡಿ ರಸ್ತೆಗೆ ಇಳಿಸಬೇಡಿ.

ಲಕ್ಷಣ: ಎಂಜಿನ್ ಕಾಯುತ್ತಿದೆ

ನಿಧಾನವಾಗಿ ಹೋಗುವಾಗ ಕಾದರೆ ಫ್ಯಾನ್. ಜಾಗ ಹೊಂದಿಸಲು ಫ್ಯಾನನ್ನು ಹಿಂದಿನಿಂದ ಮುಂದಕ್ಕೆ ಸರಿಸಿದವರು ಗಾಳಿಯ ದಿಕ್ಕು ಬದಲಿಸಲು ಮರೆತಿರುತ್ತಾರೆ. ವೇಗದಲ್ಲಿ ಕಾದರೆ ಇಂಟರ್‌ಕೂಲರ್ ರೇಡಿಯೇಟರಿಗೆ ಅಡ್ಡ ನಿಂತಿದೆ ಅಥವಾ ರೇಡಿಯೇಟರ್ ಚಿಕ್ಕದು. ಬೂಸ್ಟ್ ಕೊಟ್ಟ ನಂತರವೇ ಕಾದು, ತಣ್ಣಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಹೋಸ್ ಗಟ್ಟಿಯಾದರೆ, ನೀರಿನಲ್ಲಿ ನಿರಂತರ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಕೂಲೆಂಟ್‌ನಲ್ಲಿ ದಹನದ ಅನಿಲ ತೋರಿಸುವ ಬಣ್ಣದ ದ್ರವದ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಲಕ್ಷಣ: ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ

ಬೂಸ್ಟ್ ಗೇಜ್ ಸರಿಯಾಗಿದ್ದರೆ ಇದು ಕ್ಲಚ್. ಮೂಲ ಕ್ಲಚ್ ಹೊಸ ಟಾರ್ಕ್ ಹಿಡಿಯುತ್ತಿಲ್ಲ. ಎಂಜಿನ್ ಬಿಚ್ಚುವ ಮಾತೇ ಬೇಡ.

ಎಲ್ಲ ಮುಗಿದ ಮೇಲೆ: ಕಂಪ್ರೆಷನ್ ಪರೀಕ್ಷೆ

ನಾಕಿಂಗ್ ಆಗಿದ್ದರೆ, ಬಡ ಮಿಶ್ರಣದಲ್ಲಿ ಓಡಿದ್ದರೆ, ಡಿಪ್‌ಸ್ಟಿಕ್ ಹಾರುವುದು ನಿಲ್ಲದಿದ್ದರೆ ಇದನ್ನು ಮಾಡಿ. ಎಂಜಿನ್ ಬಿಸಿ, ಎಲ್ಲ ಪ್ಲಗ್ ಹೊರಗೆ, ಇಂಧನ ಮತ್ತು ಇಗ್ನಿಷನ್ ಬಂದ್, ಆಕ್ಸಿಲರೇಟರ್ ಪೂರ್ತಿ ಒತ್ತಿ, ಬ್ಯಾಟರಿ ತುಂಬಿರಲಿ. ಸಿಲಿಂಡರ್‌ಗಳ ನಡುವೆ ಶೇ. 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ: ಏರಿದರೆ ರಿಂಗ್ ಅಥವಾ ಪಿಸ್ಟನ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್.

ಒಂದೇ ಸಿಲಿಂಡರ್ ಕುಸಿದು, ಅದರ ಪ್ಲಗ್ ಆಯಿಲ್‌ನಲ್ಲಿ ನೆನೆದಿದ್ದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿದಿರುವ ಸಾಧ್ಯತೆ ಹೆಚ್ಚು. ನಾಕಿಂಗ್ ಇಲ್ಲದೆಯೂ ಇದು ಆಗಬಹುದು. ಟರ್ಬೊ ಇಲ್ಲದ ಎಂಜಿನ್ನಿನ ರಿಂಗ್ ತುದಿಗಳ ನಡುವೆ ಬಿಟ್ಟಿರುವ ಸಂದಿ ಸಣ್ಣದು. ಬೂಸ್ಟ್‌ನ ಶಾಖಕ್ಕೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ಒತ್ತಿದಾಗ ಹೋಗಲು ಜಾಗವಿಲ್ಲದೆ ಅಂಚನ್ನೇ ಒಡೆಯುತ್ತದೆ. 80 ಮಿಮೀ ಬೋರ್‌ಗೆ ಮೇಲಿನ ರಿಂಗ್‌ನ ಸಂದಿ ಟರ್ಬೊ ಎಂಜಿನ್‌ನಲ್ಲಿ 0.36–0.40 ಮಿಮೀ ಸುತ್ತ ಬೇಕು. ಎಂಜಿನ್ ಹೇಗೂ ಬಿಚ್ಚುವುದಾದರೆ ಇದನ್ನು ಅಳೆದು, ಬೇಕಾದಷ್ಟು ಅರದಿಂದ ಉಜ್ಜಿಸಿ, ಆಮೇಲೆಯೇ ಕೂರಿಸಲು ಹೇಳಿ.